ವ್ಯಾಟ್ ಎಲ್ಲಿ ಹೋಯ್ತು?

ಬ್ಲಾಗಿಗೆ ಏನೂ ಬರೀದೆ ಬಹಳ ದಿನ ಆಯ್ತು. ಆಫೀಸಿನ ಕೆಲಸ ಮುಗಿದ ಮೇಲೆ ತಲೇಲಿ ಕೂತಿದ್ದು ಒಂದೇ ವಿಷಯ, ಪವರ್ ಮೀಟರ್. ಕರೆಂಟ್ ಬಿಲ್ಲಿನ ಮೀಟರ್ ಅಲ್ಲ. ಹ್ಯಾಮ್ ರೇಡಿಯೊ ಸೆಟ್ಟಿಗೂ ಆಂಟೆನಾಗೂ ನಡುವೆ ಕೂತು, ಎಷ್ಟು ವ್ಯಾಟ್ ಹೋಗ್ತಿದೆ, ಎಷ್ಟು ವಾಪಸ್ ಬರ್ತಿದೆ ಅಂತ ತೋರಿಸೋ ಸಣ್ಣ ಡಬ್ಬಿ.

ಜೇವರ್ಗಿ ಕಡೆಯ ನಮ್ಮ ಮನೇಲಿ ಬ್ಯಾಟರಿ ಮೇಲೆ ನಡೆಯೋ ಸ್ಟೇಶನ್ ಇಡಬೇಕು ಅನ್ನೋದು ನನ್ನ ಆಸೆ. ಇದು ಬರೀ ಶೋಕಿ ಅಲ್ಲ. ಆಳಂದದಿಂದ ಉಮರ್ಗಾ ದಾಟಿ ಮುಂದೆ ಹೋದರೆ ಕಿಲ್ಲಾರಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಅಲ್ಲಿ ಭೂಮಿ ನಡುಗಿ ಸುಮಾರು ಹತ್ತು ಸಾವಿರ ಜನ ಸತ್ತರು. ಆಗ ಸುದ್ದಿ ಮುಟ್ಟಿಸೋ ಕೆಲಸಕ್ಕೆ ಹ್ಯಾಮ್‌ಗಳೂ ಹೋಗಿದ್ದರು. ಇನ್ನು 2020ರ ಅಕ್ಟೋಬರಿನಲ್ಲಿ ಭೀಮಾ ನದಿ ಅಫಜಲಪುರ, ಜೇವರ್ಗಿ ತಾಲ್ಲೂಕಿನ ಹಳ್ಳಿಗಳಿಗೆ ನುಗ್ಗಿದ್ದು ನಮ್ಮ ಕಡೆ ಯಾರೂ ಮರೆತಿಲ್ಲ. ಇಂಥ ಹೊತ್ತಲ್ಲಿ ಕರೆಂಟ್ ಹೋಗುತ್ತೆ, ಹಿಂದೆಯೇ ಮೊಬೈಲೂ ಸತ್ತು ಹೋಗಬಹುದು. ಉಳಿಯೋದು ಬ್ಯಾಟರಿ ಮತ್ತು ಅದರೊಳಗಿನ ಲೆಕ್ಕದ ವ್ಯಾಟ್.

ಎಷ್ಟು ವ್ಯಾಟ್ ಸಾಕು? ಇದಕ್ಕೆ ಉತ್ತರ ಹಳೇ ಕಾಲದಲ್ಲಿದೆ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆ 'ವಿಠ್ಠಲ ವಿಹಾರ'ದಲ್ಲಿ ರೇಡಿಯೊ ಪ್ರಸಾರ ಶುರು ಮಾಡಿದಾಗ ಅವರ ಬಳಿ ಇದ್ದದ್ದು 30 ವ್ಯಾಟ್ ಯಂತ್ರ. ಅದೇ ವರ್ಷ ಫೆಬ್ರವರಿಯಲ್ಲಿ ಹೈದರಾಬಾದಿನ ಡೆಕ್ಕನ್ ರೇಡಿಯೊ ಶುರುವಾಗಿತ್ತು. ಆಗ ಆಳಂದ, ಅಫಜಲಪುರ, ಜೇವರ್ಗಿ ಮೂರೂ ನಿಜಾಮನ ಸಂಸ್ಥಾನದಲ್ಲಿದ್ದವು. ಆ ನಿಜಾಮನ ರೇಡಿಯೊ ಶಕ್ತಿ ಎಷ್ಟು ಗೊತ್ತಾ? 200 ವ್ಯಾಟ್! ನನ್ನ ರಿಸ್ಟ್ರಿಕ್ಟೆಡ್ ಲೈಸೆನ್ಸಿನ ಮಿತಿಯೇ 50 ವ್ಯಾಟ್. ಅಂದರೆ ಮೈಸೂರಿನ ಆ ಮೊದಲ ಯಂತ್ರಕ್ಕಿಂತ ಜಾಸ್ತಿ.

ಆದರೆ ವ್ಯಾಟ್ ಅನ್ನೋದನ್ನ ಎಲ್ಲಿ ನಿಂತು ಅಳೀತೀವಿ ಅನ್ನೋದು ಮುಖ್ಯ. ಹಿಂದೆ ಹ್ಯಾಮ್‌ಗಳು ವಾಲ್ವಿನ ಪ್ಲೇಟಿಗೆ ಕೊಡೋ ವೋಲ್ಟೇಜನ್ನ ಕರೆಂಟಿನಿಂದ ಗುಣಿಸುತ್ತಿದ್ದರು. 600 ವೋಲ್ಟ್, 50 ಮಿಲಿಆಂಪಿಯರ್ ಅಂದರೆ 30 ವ್ಯಾಟ್, ಮುಗೀತು. ಅದರಲ್ಲಿ ಒಂದು ಪಾಲು ವಾಲ್ವನ್ನ ಬಿಸಿ ಮಾಡೋಕೇ ಹೋಗುತ್ತಿತ್ತು, ಆದರೂ ಕಾನೂನಿಗೆ ಅಷ್ಟು ಲೆಕ್ಕ ಸಾಕಿತ್ತು. ಅಮೆರಿಕದಲ್ಲಂತೂ 1983ರವರೆಗೆ ಹ್ಯಾಮ್‌ಗಳ ಮಿತಿ ಇದ್ದದ್ದು ಹೀಗೆ ಒಳಗೆ ಹೋಗೋ ಶಕ್ತಿಯ ಮೇಲೆ, ಹೊರಗೆ ಬರೋದರ ಮೇಲಲ್ಲ. ಹೊರಗೆ ಎಷ್ಟು ಬಂತು ಅಂತ ನೋಡೋಕೆ ಆಂಟೆನಾ ಬದಲು ಬಲ್ಬು ಸಿಕ್ಕಿಸಿ ಬೆಳಕು ನೋಡುವವರೂ ಇದ್ದರು!

ಎರಡನೇ ಮಹಾಯುದ್ಧದ ನಂತರ ಕೋಆಕ್ಸಿಯಲ್ ಕೇಬಲ್ ಮನೆಮನೆಯ ಸ್ಟೇಶನ್ನಿಗೆ ಬಂತು. ಅದರ ಹಿಂದೆಯೇ ಕೇಬಲ್ ನಡುವೆ ಕೂರಿಸೋ ಮೀಟರ್ ಬಂತು. 1950ರ ದಶಕದ 'ಬರ್ಡ್ 43' ಇವತ್ತಿಗೂ ಹ್ಯಾಮ್‌ಗಳ ಬಾಯಲ್ಲಿದೆ. 1959ರಲ್ಲಿ ಕಾಲಿನ್ಸ್ ಕಂಪನಿಯ ವಾರನ್ ಬ್ರೂನ್ 'ಕ್ಯೂಎಸ್‌ಟಿ' ಪತ್ರಿಕೆಯಲ್ಲಿ ಈ ಬಗೆಯ ಮೀಟರ್ ಹೇಗೆ ಕೆಲಸ ಮಾಡುತ್ತೆ ಅಂತ ಬಿಡಿಸಿ ಬರೆದ ಮೇಲೆ, ಹೋಗೋ ಅಲೆ ಬರೋ ಅಲೆ ಬೇರೆ ಬೇರೆ ಅಳೆಯೋದು ಮನೇಲೇ ಮಾಡಿಕೊಳ್ಳೋ ಕೆಲಸವಾಯ್ತು. 50 ವ್ಯಾಟ್ ಹೋಗಿ 2 ವಾಪಸ್ ಬಂದರೆ ಎಸ್‌ಡಬ್ಲ್ಯುಆರ್ 1.5, ಚಿಂತೆ ಇಲ್ಲ. 40ಕ್ಕೆ 10 ವಾಪಸ್ ಬಂದರೆ 3. ಆಂಟೆನಾ ಕಡೆ ನೋಡಲೇಬೇಕು.

ಸರಿ, ಈಗ ಆಯ್ಕೆ. ಮೀಟರಿನ ಡಬ್ಬಿ ಮೇಲೆ 'ಶೇಕಡಾ 10 ದೋಷ' ಅಂತಿದ್ದರೆ ಸಾಮಾನ್ಯವಾಗಿ ಅದು ಪೂರ್ತಿ ಸ್ಕೇಲಿನ ಶೇಕಡಾ 10. 200 ವ್ಯಾಟ್ ಸ್ಕೇಲಿನಲ್ಲಿ ಅದು 20 ವ್ಯಾಟ್ ಆಯ್ತು! 100 ವ್ಯಾಟಿನ ಸೆಟ್ಟು ಪೂರ್ತಿ ಶಕ್ತಿ ಬಿಟ್ಟರೆ 13.8 ವೋಲ್ಟಿನಲ್ಲಿ ಸುಮಾರು 20 ಆಂಪಿಯರ್ ಕುಡಿಯುತ್ತೆ, ಹಾಗಾಗಿ ಬ್ಯಾಟರಿ ಉಳಿಸೋಕೆ 10 ವ್ಯಾಟಿಗೆ ಇಳಿಸಿ ಕೆಲಸ ಮಾಡೋ ನನಗೆ ಆ ಸ್ಕೇಲ್ ಯಾಕೆ ಬೇಕು? ಅದಕ್ಕೇ 20 ವ್ಯಾಟಿನ ಸ್ಕೇಲೂ ಇರೋ, ಎರಡು ಮುಳ್ಳಿನ ಮೀಟರನ್ನ ಆರಿಸಿದೆ. ಜೊತೆಗೆ ಮಾತಿನ ತುತ್ತತುದಿಯ ಶಕ್ತಿ ಹಿಡಿಯೋ ಪೀಕ್ ಸ್ವಿಚ್ ಇರಲಿ ಅಂದುಕೊಂಡೆ. ಸರಾಸರಿ ತೋರಿಸೋ ಮೀಟರ್ ಮಾತಾಡುವಾಗ ಕಮ್ಮಿಯೇ ತೋರಿಸುತ್ತೆ.

ಇಷ್ಟಾದರೂ ಒಂದು ಮಾತು ಉಳಿಯುತ್ತೆ. ಮೀಟರ್ ತಾನು ಕೂತ ಜಾಗದ ಸತ್ಯ ಮಾತ್ರ ಹೇಳುತ್ತೆ. ಮಳೆ ನೀರು ಹೊಕ್ಕು ಕೇಬಲ್ ಅರ್ಧ ಶಕ್ತಿ ನುಂಗುತ್ತಿದೆ ಅಂದುಕೊಳ್ಳಿ. ತುದಿಯ ಆಂಟೆನಾ ಕಿತ್ತುಹೋಗಿದ್ದರೂ ಹೋದ 50ರಲ್ಲಿ 25 ತುದಿ ಮುಟ್ಟಿ, ತಿರುಗಿ ಬರುವಾಗ 12.5 ಉಳಿಯುತ್ತೆ. ಸೆಟ್ಟಿನ ಪಕ್ಕದ ಮೀಟರಿಗೆ ಎಸ್‌ಡಬ್ಲ್ಯುಆರ್ ಬರೀ 3 ಅನಿಸುತ್ತೆ! ಆದ್ದರಿಂದ ಮಳೆಗಾಲಕ್ಕೆ ಮುಂಚೆ ಕೇಬಲಿನ ಆ ತುದಿಗೆ 50 ಓಮಿನ ಡಮ್ಮಿ ಲೋಡ್ ಹಾಕಿ, ಮೀಟರನ್ನೇ ಅಲ್ಲಿಗೆ ಒಯ್ದು ಒಮ್ಮೆ ಅಳೆಯಬೇಕು. ಇಲ್ಲಿ 10, ಅಲ್ಲಿ 5 ಬಂದರೆ ಕೇಬಲ್ ಬದಲಿಸಿ. ಭೀಮಾ ನದಿ ತುಂಬಿ ಬಂದ ರಾತ್ರಿ ಇದನ್ನ ಹುಡುಕೋಕೆ ಟೈಮ್ ಇರೋಲ್ಲ.

ನಿಮ್ಮೂರಲ್ಲಿ ವಾಲ್ವಿನ ಕಾಲದ ಹ್ಯಾಮ್‌ಗಳು ಯಾರಾದರೂ ಇದ್ದರೆ ಬಲ್ಬಿನ ಕತೆ ಕೇಳಿ ನೋಡಿ. ಕೇಳಿದ್ದನ್ನ ನಂಗೂ ಹೇಳಿ ಮತ್ತೆ!