ಬಯಲಿನ ಮೂರ್ತಿಗಳು, ಪೀಠದ ಅಕ್ಷರಗಳು

ಗರ್ಭಗುಡಿಯೊಳಗಿನ ಮೂರ್ತಿಗೆ ಹೆಸರಿನ ಫಲಕ ಬೇಕಾಗಿಲ್ಲ. ಅದರ ದರ್ಶನಕ್ಕೆ ಹೋಗುವವನು ಅದು ಯಾರೆಂಬುದನ್ನು ಮನೆಯಿಂದಲೇ ಅರಿತು ಹೊರಟಿರುತ್ತಾನೆ. ಮಳೆ ಬಿಸಿಲುಗಳಿಗೆ ಮೈಯೊಡ್ಡಿ ಬಯಲಿನಲ್ಲಿ ನಿಂತ ಮೂರ್ತಿಯ ಸಂಗತಿ ಬೇರೆ. ಅದು ದಾರಿಹೋಕರೆಲ್ಲರ ಸೊತ್ತು. ಅದನ್ನು ನೋಡಲು ಯಾರ ಅಪ್ಪಣೆಯೂ ಬೇಡ, ಮಡಿಯೂ ಬೇಡ. ಆದರೆ ಅದು ಯಾರದು, ಯಾರು ನಿಲ್ಲಿಸಿದರು, ಯಾವ ಕಾಲದಲ್ಲಿ ಎಂಬುದನ್ನು ತಿಳಿಯಬೇಕಾದರೆ ಪೀಠದ ಮೇಲಿನ ಅಕ್ಷರಗಳನ್ನು ಓದಬಲ್ಲವನಾಗಿರಬೇಕು. ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿಗಳು ಒಂದೇ ಸಂತೆಯಲ್ಲಿ ಭುಜ ತಾಗಿಸಿ ನಡೆಯುವ ಕಾಸರಗೋಡಿನಂತಹ ಸೀಮೆಯಲ್ಲಿ ಇದು ಚಿಕ್ಕ ಪ್ರಶ್ನೆಯೇನೂ ಅಲ್ಲ.

ಈ ಪ್ರಶ್ನೆಗೆ ಕನ್ನಡ ನಾಡಿನಲ್ಲಿ ದೊರೆತ ಪ್ರಾಚೀನವಾದ ಉತ್ತರವೊಂದು ಶ್ರವಣಬೆಳಗೊಳದಲ್ಲಿದೆ. ಗಂಗರಸರ ಮಂತ್ರಿಯೂ ಸೇನಾಪತಿಯೂ ಆಗಿದ್ದ ಚಾವುಂಡರಾಯನು ಕ್ರಿ. ಶ. ೯೮೧ರ ಸುಮಾರಿಗೆ ವಿಂಧ್ಯಗಿರಿಯ ಮೇಲೆ ನಿಲ್ಲಿಸಿದ ಗೊಮ್ಮಟನ ಎತ್ತರ ಸುಮಾರು ೫೮ ಅಡಿ. ಯಾತ್ರಿಕರು ತಲೆಯೆತ್ತಿ ಆ ಮುಖದ ಮುಗುಳ್ನಗೆಯನ್ನು ನೋಡಿ ಧನ್ಯರಾಗಿ ಮರಳುತ್ತಾರೆ. ತಲೆ ತಗ್ಗಿಸಿ ಪಾದದ ಬಳಿಯನ್ನು ನೋಡುವವರು ಕಡಿಮೆ. ಅಲ್ಲಿ ಚಿಕ್ಕ ಚಿಕ್ಕ ಬರಹಗಳಿವೆ. ಈ ಮೂರ್ತಿಯನ್ನು ಮಾಡಿಸಿದವನು ಚಾವುಂಡರಾಯನೆಂಬ ಒಂದೇ ಮಾತನ್ನು ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಮರಾಠಿಯಲ್ಲಿಯೂ ಕೊರೆಯಲಾಗಿದೆ. ಮೂರನೆಯದು ಮರಾಠಿಯಲ್ಲ, ಕೊಂಕಣಿ ಎಂದು ವಾದಿಸುವವರೂ ಇದ್ದಾರೆ. ತಮಿಳು ಬರಹಕ್ಕೆ ಬಳಸಿದ ಲಿಪಿಗಳಲ್ಲಿ ವಟ್ಟೆಳುತ್ತು ಒಂದು. ಕೇರಳದ ಹಳೆಯ ಶಾಸನಗಳನ್ನು ಬರೆದುದೂ ಅದೇ ಲಿಪಿಯಲ್ಲಿ. ಇವೆಲ್ಲ ಒಂದೇ ದಿನ ಕೊರೆದವುಗಳಲ್ಲದಿರಬಹುದು. ಆದರೂ ದೂರದಿಂದ ಬಂದವನು ತನ್ನ ನುಡಿಯಲ್ಲಿಯೇ ಓದಿಕೊಳ್ಳಲಿ ಎಂಬ ಔದಾರ್ಯ ಆ ಕಲ್ಲಿನಲ್ಲಿ ನಿಂತಿದೆ. ತನ್ನ ಭಾಷೆ ಮಾತ್ರ ಸಾಕೆಂದು ಆ ಕನ್ನಡಿಗನಿಗೆ ತೋರಲಿಲ್ಲ.

ಆ ಗೊಮ್ಮಟನ ಪರಂಪರೆ ಘಟ್ಟವಿಳಿದು ತುಳುನಾಡಿಗೂ ಬಂದಿತು. ಕಾರ್ಕಳದಲ್ಲಿ ಭೈರರಸರ ವಂಶದ ವೀರಪಾಂಡ್ಯನು ೧೪೩೨ರ ಫೆಬ್ರವರಿ ೧೩ರಂದು ಸುಮಾರು ೪೨ ಅಡಿ ಎತ್ತರದ ಮೂರ್ತಿಯನ್ನು ಪ್ರತಿಷ್ಠಾಪಿಸಿದನು. ವೇಣೂರಿನಲ್ಲಿ ಅಜಿಲ ವಂಶದ ತಿಮ್ಮರಾಜನು ೧೬೦೪ರಲ್ಲಿ ಸುಮಾರು ೩೫ ಅಡಿಯ ಇನ್ನೊಂದನ್ನು ನಿಲ್ಲಿಸಿದನು. ಧರ್ಮಸ್ಥಳದ ಗೊಮ್ಮಟ ನಮ್ಮ ಕಾಲದ್ದು. ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಕಡೆದ ಆ ಮೂರ್ತಿಯ ಪ್ರತಿಷ್ಠೆ ನಡೆದುದು ೧೯೮೨ರಲ್ಲಿ. ‘ಗೊಮ್ಮಟ’ ಎಂಬ ಹೆಸರಿನ ಒಡಪನ್ನು ಬಿಡಿಸಲು ಹೊರಟವರಲ್ಲಿ ನಮ್ಮ ಮಂಜೇಶ್ವರದ ಗೋವಿಂದ ಪೈಗಳೂ ಒಬ್ಬರೆಂಬುದನ್ನು ಇಲ್ಲಿ ನೆನೆಯಬೇಕು. ಮನ್ಮಥ ಎಂಬ ಸಂಸ್ಕೃತ ಪದವೇ ಪ್ರಾಕೃತದಲ್ಲಿ ರೂಪಾಂತರ ಹೊಂದಿ ಗೊಮ್ಮಟವಾಯಿತೆಂದು ಅವರು ವಾದಿಸಿದರು. ಇದನ್ನು ಎಲ್ಲ ವಿದ್ವಾಂಸರೂ ಒಪ್ಪಲಿಲ್ಲ. ಆದರೆ ಕಡಲತಡಿಯ ಒಂದು ಊರಿನಲ್ಲಿ ಕುಳಿತು ಬೆಟ್ಟದ ಮೇಲಿನ ಮೂರ್ತಿಯ ಹೆಸರಿಗಾಗಿ ನಾಲ್ಕಾರು ಭಾಷೆಗಳ ನಿಘಂಟುಗಳನ್ನು ತಡಕಾಡಿದ ಆ ಶ್ರಮ ಎಂತಹುದು!

ಹಾಗಿದ್ದರೆ ಕಾಸರಗೋಡಿನ ಬಯಲುಗಳಲ್ಲಿ ಇಂತಹ ಮಹಾಮೂರ್ತಿಗಳೇಕೆ ಕಾಣುವುದಿಲ್ಲ? ಒಂದು ಕಾರಣ ನೆಲದಲ್ಲಿಯೇ ಇದೆ. ನಮ್ಮ ಗುಡ್ಡಗಳೆಲ್ಲ ಮುರಕಲ್ಲಿನವು. ಈ ಕಲ್ಲು ನೆಲದೊಳಗಿರುವಾಗ ಕತ್ತಿಗೂ ಕೊಡಲಿಗೂ ಒಗ್ಗುವಷ್ಟು ಮೆತ್ತಗಿದ್ದು, ಗಾಳಿ ಬಿಸಿಲು ತಾಗಿದೊಡನೆ ಗಟ್ಟಿಯಾಗುತ್ತದೆ. ಗೋಡೆ ಕಟ್ಟಲು, ಬಾವಿ ಕಟ್ಟಲು ಇದಕ್ಕಿಂತ ಹಿತವಾದ ಕಲ್ಲಿಲ್ಲ. ಬೇಕಲದ ಕೋಟೆಯೇ ಇದಕ್ಕೆ ಸಾಕ್ಷಿ. ಆದರೆ ಮೈತುಂಬ ತೂತುಗಳಿರುವ ಈ ಕಲ್ಲಿನಲ್ಲಿ ಕಣ್ಣಿನ ರೆಪ್ಪೆಯನ್ನಾಗಲಿ ಬೆರಳಿನ ಗೆಣ್ಣನ್ನಾಗಲಿ ಮೂಡಿಸಲು ಯಾವ ಶಿಲ್ಪಿಗೂ ಸಾಧ್ಯವಿಲ್ಲ. ಕಾರ್ಕಳದ ಶಿಲ್ಪಿಗೆ ಒದಗಿದಂತಹ ಗಟ್ಟಿಯಾದ ಕರಿಬಂಡೆ ನಮ್ಮ ಕರಾವಳಿಯ ಗುಡ್ಡಗಳ ಮೇಲೆ ಕಾಣಸಿಗುವುದಿಲ್ಲ. ಮತ್ತೊಂದು ಕಾರಣವನ್ನು ನನ್ನ ಊಹೆಯೆಂದೇ ಹೇಳುತ್ತೇನೆ. ನಮ್ಮಲ್ಲಿ ದೈವವು ಮನುಷ್ಯನ ಮೈಮೇಲೆಯೇ ಬರುತ್ತದೆ. ಬಡಗಲಲ್ಲಿ ಭೂತಕೋಲ, ತೆಂಕಲಲ್ಲಿ ತೆಯ್ಯಂ. ತಲೆಯ ಮೇಲೆ ಆಳೆತ್ತರದ ಅಣಿಯನ್ನೋ ಮುಡಿಯನ್ನೋ ಹೊತ್ತು, ಮುಖಕ್ಕೆ ಅರದಾಳದ ಬಣ್ಣ ಬಳಿದು, ದೊಂದಿಯ ಬೆಳಕಿನಲ್ಲಿ ಬಯಲಿಗೆ ಬಂದು ನಿಲ್ಲುವ ಆ ರೂಪವೇ ಒಂದು ಶಿಲ್ಪ. ಮರುವರ್ಷ ಮತ್ತೆ ಬರುವ ದೇವರಿಗೆ ಕಲ್ಲಿನ ಕಾವಲೇಕೆ ಎಂದು ನಮ್ಮ ಹಿರಿಯರು ಭಾವಿಸಿರಬೇಕು. ಬಯಲಿನಲ್ಲಿ ಕಲ್ಲಾಗಿ ಉಳಿದವು ಬನದ ನೆರಳಿನ ನಾಗನ ಕಲ್ಲುಗಳು. ಹೆಡೆಯೆತ್ತಿದ, ಸುತ್ತಿಕೊಂಡ ಆ ಆಕೃತಿಗಳನ್ನು ನಾವು ಪೂಜಿಸಿದೆವೇ ಹೊರತು ಕಲೆಯೆಂದು ಕಣ್ಣಿಟ್ಟು ನೋಡಲಿಲ್ಲ. ಅವುಗಳ ಮೇಲೆ ಅಕ್ಷರವೂ ಇಲ್ಲ, ಅಕ್ಷರದ ಅಗತ್ಯವೂ ಇಲ್ಲ.

ಕಣ್ಣಿಟ್ಟು ನೋಡುವ ಮಾತು ಬಂದುದರಿಂದ ಹೊರನಾಡಿನ ಒಂದು ಪದ್ಧತಿಯನ್ನು ಅಧ್ಯಾಪಕ ಬಂಧುಗಳ ಗಮನಕ್ಕೆ ತರಬೇಕು. ಇಂಗ್ಲೆಂಡಿನಲ್ಲಿ ಸಾರ್ವಜನಿಕ ಸ್ಮಾರಕಗಳಿಗೂ ಶಿಲ್ಪಗಳಿಗೂ ಮೀಸಲಾದ ಒಂದು ಸಂಘವು ೧೯೯೧ರಲ್ಲಿ ಹುಟ್ಟಿ, ನಗರ ನಗರಗಳ, ಕೌಂಟಿ ಕೌಂಟಿಗಳ ಬಯಲುಶಿಲ್ಪಗಳನ್ನೆಲ್ಲ ದಾಖಲಿಸತೊಡಗಿತು. ಕೌಂಟಿಯೆಂದರೆ ನಮ್ಮ ಜಿಲ್ಲೆಯಂತಹ ವಿಭಾಗ. ಲಿವರ್‌ಪೂಲ್ ನಗರದ ಮೊದಲ ಸಂಪುಟ ೧೯೯೭ರಲ್ಲಿ ಹೊರಬಂದಿತು; ಆಮೇಲೆ ಸಂಪುಟಗಳ ಮೇಲೆ ಸಂಪುಟಗಳು. ರಾಣಿಯ ಪ್ರತಿಮೆಯಿಂದ ಹಿಡಿದು ಬೀದಿಯ ಮೂಲೆಯ ಕಾರಂಜಿಯವರೆಗೆ ಎಲ್ಲಕ್ಕೂ ಅಲ್ಲಿ ಸ್ಥಾನವಿದೆ: ಕಡೆದವನಾರು, ವಸ್ತು ಯಾವುದು, ಪೀಠದ ಮೇಲೆ ಏನು ಬರೆದಿದೆ, ಈಗ ಅದರ ಅವಸ್ಥೆ ಏನು. ಇಷ್ಟನ್ನು ಬರೆದಿಡಲು ಪಂಡಿತರೇ ಬೇಕೆಂದಿಲ್ಲ. ಏಳನೆಯ ತರಗತಿಯ ಮಕ್ಕಳಿಗೆ ಒಂದು ನೋಟುಬುಕ್ಕೂ ಅಳತೆಯ ಪಟ್ಟಿಯೂ ಇದ್ದರೆ ತಮ್ಮ ಪಂಚಾಯತಿನ ಮಟ್ಟಿಗೆ ಈ ಕೆಲಸ ಆಗುವಂತಹುದೇ.

ಮನುಷ್ಯರ ಪ್ರತಿಮೆಗಳನ್ನು ಚೌಕಗಳಲ್ಲಿ ನಿಲ್ಲಿಸುವ ರೂಢಿ ನಮ್ಮಲ್ಲಿಗೆ ಬಂದುದು ಆಂಗ್ಲರೊಡನೆ. ಅವರ ಬಳಿಕ ನಾವು ನಮ್ಮ ಕವಿಗಳನ್ನೂ ನಾಯಕರನ್ನೂ ಪೀಠದ ಮೇಲೆ ಏರಿಸಿದೆವು. ಅದರೊಡನೆ ಪೀಠದ ಜಗಳಗಳೂ ಬಂದವು. ಬೆಂಗಳೂರಿನ ಹಲಸೂರಿನಲ್ಲಿ ನಿಲ್ಲಿಸಿದ ತಿರುವಳ್ಳುವರ ಪ್ರತಿಮೆಯು ಹದಿನೆಂಟು ವರ್ಷಗಳ ಕಾಲ ಮುಸುಕು ಹೊದ್ದು ನಿಲ್ಲಬೇಕಾಯಿತು. ಕೊನೆಗೆ ೨೦೦೯ರ ಆಗಸ್ಟ್ ೯ರಂದು ಅದು ಅನಾವರಣಗೊಂಡಿತು. ನಾಲ್ಕು ದಿನಗಳ ಬಳಿಕ ಚೆನ್ನೈಯ ಅಯನಾವರಂನಲ್ಲಿ ನಮ್ಮ ಸರ್ವಜ್ಞನ ಪ್ರತಿಮೆಯೂ ಅನಾವರಣಗೊಂಡಿತು. ಊರೂರು ಅಲೆದು ಎಲ್ಲರ ಮನೆಬಾಗಿಲಲ್ಲಿ ನಿಂತವನೆಂದು ಜನ ನಂಬಿರುವ ಕವಿಯನ್ನು ಇಂತಹ ಕೊಡುಕೊಳ್ಳುವ ಲೆಕ್ಕಕ್ಕೆ ಸೇರಿಸಿದುದು ವಿಚಿತ್ರವೇ ಸರಿ. ಆದರೂ ಮುಸುಕು ತೆಗೆದುದು ಒಳ್ಳೆಯದೇ ಆಯಿತು.

ನಮ್ಮ ಜಿಲ್ಲೆಯ ತೆಂಕಣ ಭಾಗದಲ್ಲಿ, ತೇಜಸ್ವಿನಿ ಹೊಳೆಯ ದಡದ ಕಯ್ಯೂರಿನಲ್ಲಿ, ನಾಲ್ವರು ರೈತರ ಸ್ಮಾರಕವಿದೆ. ೧೯೪೧ರ ಮಾರ್ಚಿಯಲ್ಲಿ ರೈತರ ಮೆರವಣಿಗೆಯೊಂದರ ವೇಳೆ ಪೋಲೀಸನೊಬ್ಬನು ಹೊಳೆಗೆ ಬಿದ್ದು ಮುಳುಗಿ ಸತ್ತನು. ಆ ಮೊಕದ್ದಮೆಯಲ್ಲಿ ಮಠತ್ತಿಲ್ ಅಪ್ಪು, ಕೋಯಿತ್ತಾಟ್ಟಿಲ್ ಚಿರುಕಂಡನ್, ಪೊಡೋರ ಕುಂಞಂಬು ನಾಯರ್, ಪಳ್ಳಿಕ್ಕಲ್ ಅಬೂಬಕ್ಕರ್ ಎಂಬ ನಾಲ್ವರನ್ನು ೧೯೪೩ರ ಮಾರ್ಚ್ ೨೯ರಂದು ಕಣ್ಣೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಆಗ ಕಯ್ಯೂರು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಆ ಊರಿನವರ ಮಾತು ಮಲಯಾಳ. ಹುತಾತ್ಮರ ನೆನಪು ಸ್ಮಾರಕದ ಅಕ್ಷರಗಳಲ್ಲಿಯೇ ನಿಂತಿದ್ದರೆ ಚಂದ್ರಗಿರಿಯ ಬಡಗಣ ಕನ್ನಡಿಗರಿಗೆ ಅದು ದೂರದ ಊರಿನ ಸುದ್ದಿಯಾಗಿಯೇ ಉಳಿಯುತ್ತಿತ್ತು. ನೀಲೇಶ್ವರದಲ್ಲಿ ವಿದ್ಯಾರ್ಥಿಯಾಗಿದ್ದ ನಿರಂಜನರು ೧೯೫೫ರಲ್ಲಿ ‘ಚಿರಸ್ಮರಣೆ’ ಎಂಬ ಕಾದಂಬರಿಯನ್ನು ಬರೆದು ಆ ನಾಲ್ವರನ್ನು ಕನ್ನಡದ ಮನೆಗಳಿಗೆ ಕರೆತಂದರು. ಅನಂತರ ಅದು ಮಲಯಾಳಕ್ಕೂ ಅನುವಾದಗೊಂಡು, ತನ್ನ ಊರಿಗೇ ಮರಳಿತು. ಪೀಠದ ಅಕ್ಷರ ದಾಟಲಾರದ ಹೊಳೆಯನ್ನು ಪುಸ್ತಕ ದಾಟಿತು.

ಅದೇ ಸೀಮೆಯ ಚೆರುವತ್ತೂರಿನ ಬಳಿಯ ಕುಟ್ಟಮತ್ತಿನಲ್ಲಿ ೧೯೩೭ರಲ್ಲಿ ಹುಟ್ಟಿದವರು ಶಿಲ್ಪಿ ಕಾನಾಯಿ ಕುಂಞಿರಾಮನ್. ಅವರು ಕಲಿತುದು ಮದರಾಸಿನ ಕಲಾಶಾಲೆಯಲ್ಲಿ. ಅಲ್ಲಿ ಬಹುಕಾಲ ಪ್ರಾಂಶುಪಾಲರಾಗಿದ್ದ ದೇವಿಪ್ರಸಾದ ರಾಯ್ ಚೌಧರಿಯವರ ‘ಶ್ರಮದ ವಿಜಯ’ವೆಂಬ ಶಿಲ್ಪ ೧೯೫೯ರಿಂದ ಮರೀನಾ ಕಡಲತೀರದಲ್ಲಿದೆ. ಭಾರವಾದ ಬಂಡೆಯನ್ನು ಸನ್ನೆಗೋಲಿನಿಂದ ಮೀಟುವ ನಾಲ್ವರು ಕೂಲಿಗಳು. ಅವರಿಗೆ ಹೆಸರಿಲ್ಲ, ಹೆಸರು ಬೇಕಾಗಿಯೂ ಇಲ್ಲ. ೧೯೬೦ರ ದಶಕದಲ್ಲಿ ಕಾನಾಯಿಯವರು ಲಂಡನ್ನಿನ ಸ್ಲೇಡ್ ಕಲಾಶಾಲೆಯಲ್ಲಿ ವ್ಯಾಸಂಗ ಮಾಡಿ ಮರಳಿದರು. ೧೯೬೯ರಲ್ಲಿ ಪಾಲಕ್ಕಾಡಿನ ಮಲಂಪುಳ ಅಣೆಕಟ್ಟಿನ ಉದ್ಯಾನದಲ್ಲಿ ‘ಯಕ್ಷಿ’ಯನ್ನು ನಿರ್ಮಿಸಿದರು. ಮೂವತ್ತು ಅಡಿ ಎತ್ತರದ, ಬಟ್ಟೆಯ ಹಂಗಿಲ್ಲದ ಆ ಹೆಣ್ಣಿನ ಆಕೃತಿ ಬೆಟ್ಟಗಳ ಎದುರು ಕುಳಿತಿದೆ. ಅದನ್ನು ಕಂಡು ಹುಬ್ಬು ಗಂಟಿಕ್ಕಿದವರು ಎಷ್ಟೋ ಮಂದಿ. ಸಾವಿರ ವರ್ಷಗಳಿಂದ ದಿಗಂಬರನಾದ ಗೊಮ್ಮಟನಿಗೆ ಕೈಮುಗಿಯುತ್ತ ಬಂದ ನಮಗೆ ಆ ಗಲಾಟೆ ಅಷ್ಟಾಗಿ ಅರ್ಥವಾಗದು. ತಿರುವನಂತಪುರದ ಶಂಖುಮುಖದಲ್ಲಿ ಮಲಗಿರುವ ‘ಸಾಗರಕನ್ಯಕೆ’ಯೂ ಅವರದೇ ಕೃತಿ. ಅವರ ಬಯಲುಶಿಲ್ಪಗಳಲ್ಲಿ ಹೆಸರಾದವು ಕಲ್ಲಿನವಲ್ಲ, ಸಿಮೆಂಟಿನವು. ಮುರಕಲ್ಲಿನ ನಾಡಿನಲ್ಲಿ ಹುಟ್ಟಿದವನಿಗೆ ಅದೇ ಸಹಜವಾದ ದಾರಿಯೋ ಏನೋ.

ಇಷ್ಟೆಲ್ಲ ಹೇಳಿದುದು ಅವರ ಮತ್ತೊಂದು ಶಿಲ್ಪದ ಸಲುವಾಗಿ. ಕಾಸರಗೋಡಿನ ಜಿಲ್ಲಾ ಪಂಚಾಯತಿನ ಆವರಣದಲ್ಲಿ ಅವರು ಒಬ್ಬ ತಾಯಿಯನ್ನೂ ಮಗುವನ್ನೂ ನಿರ್ಮಿಸಿದ್ದಾರೆ. ಅದು ಎಂಡೋಸಲ್ಫಾನ್ ಪೀಡಿತರಿಗೆ ಅರ್ಪಿತವಾದುದು. ೧೯೭೦ರ ದಶಕದ ಕೊನೆಯಿಂದ ೨೦೦೦ದವರೆಗೆ ಸರಕಾರಿ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಆ ಕೀಟನಾಶಕವನ್ನು ಸುರಿಯಲಾಯಿತು. ಗುಡ್ಡದ ತೋಟದ ಕೆಳಗೆಲ್ಲ ಮನೆಗಳು, ಸುರಂಗಗಳು, ತೋಡುಗಳು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಮುಳಿಯಾರು ಮೊದಲಾದ ಗ್ರಾಮಗಳಲ್ಲಿ ತಲೆ ದೊಡ್ಡದಾದ, ನಡೆಯಲಾರದ, ಮಾತು ಬಾರದ ಮಕ್ಕಳು ಹುಟ್ಟಿದರು. ಎಣ್ಮಕಜೆಯ ಪಡ್ರೆಯಲ್ಲಿ ಸ್ವರ್ಗವೆಂಬ ಹೆಸರಿನ ಊರಿದೆ. ಅಲ್ಲಿಯೂ ಹೀಗೆಯೇ ಆಯಿತು. ೨೦೧೧ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಆ ವಿಷವನ್ನು ತಡೆಯಿತು. ೨೦೧೭ರ ಜನವರಿಯಲ್ಲಿ ಪೀಡಿತರಿಗೆ ತಲಾ ಐದು ಲಕ್ಷ ರೂಪಾಯಿಗಳನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಆಜ್ಞಾಪಿಸಿತು. ಐದು ವರ್ಷಗಳಾದ ಮೇಲೂ, ೨೦೨೨ರಲ್ಲಿ, ಹಣ ದೊರೆಯದವರು ಅದೇ ನ್ಯಾಯಾಲಯದ ಮೆಟ್ಟಿಲನ್ನು ಮತ್ತೆ ಹತ್ತಬೇಕಾಯಿತು.

ಶಿಲ್ಪದ ಗತಿಯೂ ಹಾಗೆಯೇ. ಈ ಶತಮಾನದ ಮೊದಲ ದಶಕದಲ್ಲಿ ಆರಂಭವಾದ ಕೆಲಸ ಅರ್ಧಕ್ಕೆ ನಿಂತು, ಮುಗಿಯಲು ಹತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಅಷ್ಟರಲ್ಲಿ ಅಂಬಿಕಾಸುತನ್ ಮಾಂಗಾಡ್ ಅವರು ೨೦೦೯ರಲ್ಲಿ ‘ಎನ್ಮಕಜೆ’ ಎಂಬ ಕಾದಂಬರಿಯನ್ನು ಮಲಯಾಳದಲ್ಲಿ ಬರೆದರು. ಮಲಯಾಳ ಊರಿನ ದುಃಖ ಕನ್ನಡ ಕಾದಂಬರಿಯಾದಂತೆ, ಕನ್ನಡ ತುಳುಗಳ ಊರಿನ ದುಃಖ ಮಲಯಾಳ ಕಾದಂಬರಿಯಾಯಿತು. ಕಾನಾಯಿಯವರ ತಾಯಿಗೆ ಅನುವಾದವೂ ಬೇಡ. ಪೀಠದ ಮೇಲೆ ಯಾವ ಲಿಪಿಯಲ್ಲಿ ಏನೇ ಬರೆದಿರಲಿ, ಪಿಂಚಣಿಯ ಕಾಗದ ಹಿಡಿದು ಜಿಲ್ಲಾ ಕಚೇರಿಗೆ ಬರುವ ಬೆಳ್ಳೂರಿನ ತಾಯಿಗೆ, ತನ್ನ ಮೊಣಕೈಯಷ್ಟೇ ಬೆಳೆದ ಮಗನನ್ನು ಹೆಗಲಮೇಲೆ ಹೊತ್ತವಳಿಗೆ, ಅದನ್ನು ಯಾರೂ ಓದಿ ಹೇಳಬೇಕಾಗಿಲ್ಲ.