ಗುರುಕಾಣಿಕೆಯೂ ಬಳಪದ ಕಾಸೂ

ಇಂದು ಸರ್ಕಾರಿ ಕಚೇರಿಗಳ ಮೇಜಿನ ಮೇಲೆ ಧೂಳು ತಿನ್ನುವ ‘ಕಡತ’ ಒಂದು ಕಾಲಕ್ಕೆ ಶಾಲೆಯ ಹುಡುಗರ ಕೈಯಲ್ಲಿತ್ತು. ಬಟ್ಟೆಗೆ ಗಂಜಿ ಹಾಕಿ ಬಿರುಸಾಗಿಸಿ, ಪುಸ್ತಕದ ಹಾಗೆ ಮಡಿಕೆ ಮಡಿಕೆಯಾಗಿ ಮಡಚಿ, ಇದ್ದಿಲಿಗೆ ಅಂಟು ಬೆರೆಸಿ ಬಳಿದರೆ ಕಡತ ಸಿದ್ಧ. ಬಳಪದಿಂದ ಬರೆಯುವುದು, ಒದ್ದೆ ಬಟ್ಟೆಯಿಂದ ಒರೆಸುವುದು, ಮತ್ತೆ ಬರೆಯುವುದು. ಅದಿಲ್ಲದವರಿಗೆ ಹಲಗೆ: ಮೂರಡಿ ಉದ್ದ, ಒಂದಡಿ ಅಗಲ, ಮೈಗೆ ಅನ್ನ ಮತ್ತು ಇದ್ದಿಲ ಪುಡಿಯ ಲೇಪ.

ಇದನ್ನೆಲ್ಲ ಬರೆದಿಟ್ಟವನು ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್, 1823ರ ಆಗಸ್ಟ್ 17ರ ವರದಿಯಲ್ಲಿ. ಧರ್ಮಪಾಲ್ ಅವರು 1983ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ನಾನು ಅದನ್ನು ಓದಿದೆ. ಸೆಪ್ಟೆಂಬರ್ 5 ಹತ್ತಿರವಾದಾಗಲೆಲ್ಲ ಆ ವರದಿ ನೆನಪಾಗುತ್ತದೆ. ‘ಮೇಷ್ಟ್ರಿಗೆ ಏನು ಉಡುಗೊರೆ ಕೊಡೋಣ’ ಎಂಬ ಪ್ರಶ್ನೆಯ ಬೆನ್ನಿಗೇ ‘ತರಗತಿಯ ಖರ್ಚು ಯಾರದು’ ಎಂಬ ಇನ್ನೊಂದು ಪ್ರಶ್ನೆ ನಿಂತಿದೆ ಎಂದು ನನಗೆ ಹೊಳೆದದ್ದು ಅದನ್ನು ಓದಿದ ಮೇಲೆ.

ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ತನ್ನ ಆಡಳಿತದ ಜಿಲ್ಲೆಗಳಲ್ಲಿ ಎಷ್ಟು ಶಾಲೆಗಳಿವೆ, ಯಾರು ಓದುತ್ತಿದ್ದಾರೆ ಎಂದು ವಿಚಾರಿಸಿದ. ಬಳ್ಳಾರಿಯ ಲೆಕ್ಕ ಹೀಗೆ ಬಂತು: ಶಾಲೆಗಳು 533, ಅವುಗಳಲ್ಲಿ ಕನ್ನಡದವು 235, ತೆಲುಗಿನವು 226. ಓದುವ ಮಕ್ಕಳು 6,641. ಜಾತಿವಾರು ಪಟ್ಟಿಯಲ್ಲಿ ಬ್ರಾಹ್ಮಣರು 1,185, ಶೂದ್ರರೆಂದು ಬರೆದವರು 2,998. ಹಿಂದೂ ವಿದ್ಯಾರ್ಥಿಗಳಲ್ಲಿ ಹೆಣ್ಣುಮಕ್ಕಳು 60 ಮಾತ್ರ. ಜಿಲ್ಲೆಯ ಜನಸಂಖ್ಯೆ ಆಗ ಒಂಬತ್ತು ಲಕ್ಷ ದಾಟಿತ್ತು.

ಆ ಶಾಲೆಗಳಲ್ಲಿ ಓದು ಶುರುವಾಗುತ್ತಿದ್ದುದೇ ಕಾಣಿಕೆಯಿಂದ. ಮಗುವಿಗೆ ಐದು ತುಂಬಿದಾಗ ಅಯ್ಯಗಳನ್ನೂ ಶಾಲೆಯ ಹುಡುಗರನ್ನೂ ಮನೆಗೆ ಕರೆಯುತ್ತಿದ್ದರು. ಗಣಪತಿಯ ಸುತ್ತ ಎಲ್ಲರೂ ಕೂರುತ್ತಿದ್ದರು. ಅಯ್ಯಗಳು ಮಗುವಿನ ಬೆರಳು ಹಿಡಿದು ಅಕ್ಕಿಯಲ್ಲಿ ದೇವರ ಹೆಸರು ಬರೆಸಿ, ಮನೆಯವರು ಶಕ್ತ್ಯಾನುಸಾರ ಕೊಟ್ಟದ್ದನ್ನು ಪಡೆದು ಹೊರಡುತ್ತಿದ್ದರು. ಮಹಾನವಮಿ ಬಂತೆಂದರೆ ಕೂಲಿಮಠದ ಹುಡುಗರು ಚೌಪದ ಹಾಡುತ್ತ ಅಯ್ಯಗಳೊಂದಿಗೆ ಮನೆಮನೆಗೆ ಹೋಗುವ ಪದ್ಧತಿ ನಮ್ಮ ನಾಡಿನಲ್ಲಿ ಬಹಳ ಕಾಲ ಇತ್ತು. ಹೊಸ್ತಿಲಲ್ಲಿ ಸಿಕ್ಕಿದ ದುಡ್ಡು ಅಯ್ಯಗಳಿಗೆ, ತಿಂಡಿ ಮಕ್ಕಳಿಗೆ.

ನೋಡಲು ಇದು ಸೊಗಸಾದ ಚಿತ್ರ. ಆದರೆ ‘ಕೂಲಿಮಠ’ ಎಂಬ ಹೆಸರಿನಲ್ಲೇ ಲೆಕ್ಕ ಅಡಗಿದೆ. ಹಬ್ಬದ ಕಾಣಿಕೆ ಅಯ್ಯಗಳ ಸಂಬಳದ ಒಂದು ಭಾಗವೇ ಆಗಿತ್ತು. ತಿಂಗಳಿಗೆ ಆರೇಳು ರೂಪಾಯಿಗಿಂತ ಹೆಚ್ಚು ಹುಟ್ಟದ ಈ ಕೆಲಸಕ್ಕೆ ತಕ್ಕವರು ಹೇಗೆ ಬಂದಾರು ಎಂದು ಮನ್ರೋ ಕೇಳಿದ್ದು ಇದನ್ನೇ.

ಕ್ಯಾಂಪ್‌ಬೆಲ್ ಈ ಶಾಲೆಗಳ ಅಗ್ಗದ ವಿಧಾನವನ್ನು ಮನಸಾರೆ ಮೆಚ್ಚಿದ. ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುವ ಕ್ರಮವನ್ನು ಇಂಗ್ಲೆಂಡಿನವರು ಅನುಕರಿಸಿದ್ದು ಸರಿಯಾಗಿಯೇ ಇದೆ ಎಂದ. ಅದೇ ವರದಿಯಲ್ಲಿ ಇನ್ನೊಂದನ್ನೂ ಬರೆದ: ಈ 533ರಲ್ಲಿ ಒಂದು ಶಾಲೆಗೂ ಸರ್ಕಾರದ ಆಸರೆಯಿಲ್ಲ, ಹೇಳಲು ನಾಚಿಕೆಯಾಗುತ್ತದೆ ಎಂದು. ಯುರೋಪಿನ ಬಟ್ಟೆ ಬಂದು ನೇಕಾರರ ಕಸುಬು ಕುಸಿದಿತ್ತು. ನಡುವಿನವರಿಗೂ ಬಡವರಿಗೂ ಮಕ್ಕಳ ಓದಿನ ಖರ್ಚು ಹೊರಲಾಗುತ್ತಿರಲಿಲ್ಲ. ಮಗುವಿನ ಕೈಕಾಲು ಕೊಂಚ ಗಟ್ಟಿಯಾದೊಡನೆ ದುಡಿಮೆಗೆ ಹಚ್ಚುತ್ತಿದ್ದರು. ಹಿಂದೆ ಶಾಲೆಯಿದ್ದ ಎಷ್ಟೋ ಹಳ್ಳಿಗಳಲ್ಲಿ ಆಗ ಶಾಲೆ ಇರಲಿಲ್ಲ. ಕಡತ ಅಗ್ಗ, ಬಳಪ ಅಗ್ಗ, ಅಯ್ಯಗಳೂ ಅಗ್ಗ. ಅಷ್ಟನ್ನೂ ಮನೆಯವರೇ ಕೊಡಬೇಕಾದಾಗ, ಕೊಡಲಾಗದವರ ಮಗು ಮೊದಲು ಹೊರಗೆ ಬಿತ್ತು.

ಇದಕ್ಕಿಂತ ಬೇರೆ ಲೆಕ್ಕವೂ ನಮ್ಮ ನೆಲದಲ್ಲಿ ಇತ್ತು. ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಸಾಲೋಟಗಿಯ 945ರ ಶಾಸನ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಕಟ್ಟಿಸಿದ ಶಾಲೆಯದು. ದೂರದೂರದಿಂದ ಬಂದ ವಿದ್ಯಾರ್ಥಿಗಳಿಗೆ 27 ಮನೆಗಳು, ಉಪಾಧ್ಯಾಯರಿಗೆ 50 ನಿವರ್ತನ ಭೂಮಿ, ದೀಪಕ್ಕೆಂದೇ 12 ನಿವರ್ತನ. ಊರಿನಲ್ಲಿ ಮದುವೆ, ಉಪನಯನ, ಚೌಲ ನಡೆದರೆ ಶಾಲೆಗೆ ಇಂತಿಷ್ಟು ಸಲ್ಲಬೇಕು. ಇದೂ ಕಾಣಿಕೆಯೇ, ಆದರೆ ಸಲ್ಲುವುದು ಶಾಲೆಗೆ. ಹುಡುಗನ ಜೇಬು ನೋಡಿ ದೀಪ ಹಚ್ಚುವ ಪ್ರಮೇಯವಿಲ್ಲ. ಆ ಬೆಳಕು ಬ್ರಾಹ್ಮಣ ವಿದ್ಯಾರ್ಥಿಗಳ ಸಣ್ಣ ವಲಯಕ್ಕೆ ಮಾತ್ರ ಬಿದ್ದಿತ್ತು ಎಂಬುದನ್ನು ಮರೆಯುವಂತಿಲ್ಲ. ಬಳ್ಳಾರಿಯ ಶಾಲೆಗಳಲ್ಲಿ ಮಕ್ಕಳು ಹೆಚ್ಚು ಬಗೆಯವರು, ದತ್ತಿಯಿಲ್ಲ. ಸಾಲೋಟಗಿಯಲ್ಲಿ ದತ್ತಿಯುಂಟು, ಮಕ್ಕಳು ಒಂದೇ ಬಗೆಯವರು. ಎಲ್ಲ ಮಕ್ಕಳಿಗೂ ದೀಪದ ದತ್ತಿ ಎಂಬುದು ಬಹಳ ಕಾಲ ಯಾರ ಶಾಸನದಲ್ಲೂ ಬರಲಿಲ್ಲ.

ಮನ್ರೋ 1826ರಲ್ಲಿ ಜಿಲ್ಲಾ ಶಾಲೆಯ ಶಿಕ್ಷಕನಿಗೆ 15, ತಾಲ್ಲೂಕು ಶಾಲೆಯ ಶಿಕ್ಷಕನಿಗೆ 9 ರೂಪಾಯಿ ಸಂಬಳದ ಯೋಜನೆ ಮಾಡಿದ. ಮರುವರ್ಷ ಅವನು ತೀರಿಕೊಂಡ. ಹತ್ತು ವರ್ಷದೊಳಗೆ ಯೋಜನೆಯನ್ನೂ ಕೈಬಿಟ್ಟರು. ಆರರಿಂದ ಹದಿನಾಲ್ಕು ವಯಸ್ಸಿನ ಮಗುವಿನ ಓದಿಗೆ ಯಾವ ಖರ್ಚೂ ಅಡ್ಡಿಯಾಗಕೂಡದು ಎಂದು ಕಾನೂನೇ ಹೇಳಲು 2009ರವರೆಗೆ ಕಾಯಬೇಕಾಯಿತು.

ಹೇಳಿದ ಮಾತ್ರಕ್ಕೆ ಪ್ರಶ್ನೆ ಮುಗಿಯಲಿಲ್ಲ. 2022ರ ಅಕ್ಟೋಬರಿನಲ್ಲಿ ನಮ್ಮ ಶಿಕ್ಷಣ ಇಲಾಖೆ, ಎಸ್‌ಡಿಎಂಸಿಗಳು ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದೆಂದು ಸುತ್ತೋಲೆ ಹೊರಡಿಸಿತು. ದೇಣಿಗೆ ಐಚ್ಛಿಕವೆಂದೇ ಹೇಳಲಾಗಿತ್ತು. ಆಕ್ಷೇಪ ಎದ್ದಿತು, ಕೆಲವೇ ದಿನಗಳಲ್ಲಿ ಸುತ್ತೋಲೆ ವಾಪಸಾಯಿತು. ಕೊಟ್ಟವರ ಮಗುವೂ ಕೊಡದವರ ಮಗುವೂ ಒಂದೇ ಬೆಂಚಿನಲ್ಲಿ ಕೂತಿರುವಾಗ ‘ಐಚ್ಛಿಕ’ ಎಂಬ ಮಾತು ಎಷ್ಟು ದಿನ ಬಾಳುತ್ತದೆ?

ಸರ್ಕಾರಿ ಶಾಲೆಯಲ್ಲಿ ಕಲಿಸುವ ಗೆಳತಿಯೊಬ್ಬಳನ್ನು ಒಮ್ಮೆ ಕೇಳಿದ್ದೆ, ನಿಜಕ್ಕೂ ಉಪಯೋಗವಾಗುವ ಉಡುಗೊರೆ ಯಾವುದು ಎಂದು. “ಹಾರ, ಶಾಲು ಬೇಡ ಮಾರಾಯ, ಡ್ರಾಯಿಂಗ್ ಶೀಟು, ಸ್ಕೆಚ್ ಪೆನ್ನು, ಗಮ್ಮು ತಂದುಕೊಡು” ಎಂದಳು. ಅವೆಲ್ಲ ಆಕೆ ಸಂಬಳದಿಂದ ಕೊಳ್ಳುವ ಸಾಮಾನು. ನಾನು ತಂದುಕೊಟ್ಟೆ, ಇನ್ನು ಮುಂದೆಯೂ ಕೊಡುತ್ತೇನೆ. ಆದರೆ ಅದನ್ನು ಗುರುಕಾಣಿಕೆ ಎಂದು ಕರೆಯಲು ಮನಸ್ಸು ಒಪ್ಪುವುದಿಲ್ಲ. ಅದು ಯಾರೋ ಕಟ್ಟಬೇಕಾಗಿದ್ದ ಬಾಕಿ. ಸ್ವಂತ ದುಡ್ಡಿನಿಂದ ಶಾಲೆಗೆ ಬಣ್ಣ ಬಳಿಸಿದ ಶಿಕ್ಷಕರ ಸುದ್ದಿಯನ್ನು ನಾವು ಹೆಮ್ಮೆಯಿಂದ ಓದುತ್ತೇವೆ. ಆ ಹೆಮ್ಮೆಯಲ್ಲಿ ಕ್ಯಾಂಪ್‌ಬೆಲ್‌ನ ಮೆಚ್ಚುಗೆಯಿದೆ. ಅವನಿಗಾದ ನಾಚಿಕೆಯೂ ನಮಗೆ ಅಷ್ಟೇ ಬೇಕು.

ಅಕ್ಕಿಯಲ್ಲಿ ಬೆರಳು ಹಿಡಿದು ಬರೆಸಿದವರಿಗೆ ಸಲ್ಲುವುದು ಗೌರವ. ಒಂದು ಪುಸ್ತಕ, ಒಂದು ಕಾಗದ, ಊರಿಗೆ ಹೋದಾಗ ಬಾಗಿಲು ತಟ್ಟಿ ಆಡುವ ನಾಲ್ಕು ಮಾತು ಅದಕ್ಕೆ ಸಾಕು. ಬಳಪದ ಕಾಸು ಬೇರೆ ಲೆಕ್ಕ. ಸಾಲೋಟಗಿಯವರು ದೀಪದೆಣ್ಣೆಯನ್ನು ಉಪಾಧ್ಯಾಯರ ಪಾಲಿಗೆ ಸೇರಿಸದೆ, ಅದಕ್ಕೆ ಬೇರೆಯೇ 12 ನಿವರ್ತನ ಬಿಟ್ಟು, ಕಲ್ಲಿನಲ್ಲಿ ಬರೆಸಿಟ್ಟರು.