ಅಂಗಡಿ ಸಾಲಿನ ಚರಿತ್ರೆ

ಅರಸರ ಚರಿತ್ರೆಯನ್ನು ನೀವು ಶಾಲೆಯಲ್ಲಿ ಓದಿದ್ದೀರಿ. ಕೋಟೆ ಕೊತ್ತಲಗಳ ಕಥೆಯನ್ನು ರೇಡಿಯೋದಲ್ಲಿ ಕೇಳಿದ್ದೀರಿ. ಆದರೆ ಉಪ್ಪು, ಸಾಬೂನು, ಸೀರೆ ಕೊಳ್ಳಲು ನೀವು ದಿನವೂ ಹತ್ತಿಳಿಯುವ ಅಂಗಡಿಯ ಕಟ್ಟೆಗೂ ಒಂದು ಚರಿತ್ರೆ ಉಂಟೆಂದು ಎಂದಾದರೂ ಯೋಚಿಸಿದ್ದೀರಾ? ಅಂಗಡಿ ನಡೆಸುವವನು ಒಬ್ಬ. ಗೋಡೆಯ ಒಡೆಯ ಇನ್ನೊಬ್ಬ. ನೆಲ ಕೆಲವು ಸಲ ಪುರಸಭೆಯದು, ಇಲ್ಲವೇ ದೇವಸ್ಥಾನದ್ದು. ಈ ಮೂವರನ್ನು ಕೂಡಿಸಿ ಇಟ್ಟಿರುವುದು ಒಂದು ಕಿರಾಯಿ ಚೀಟಿ. ಮಳಿಗೆ ಕಟ್ಟಿಸುವುದು, ಕಿರಾಯಿಗೆ ಕೊಡುವುದು, ಹಳೆಯದನ್ನು ಕೆಡವಿ ಹೊಸದನ್ನು ಎಬ್ಬಿಸುವುದು ಈಗ ಅನೇಕರಿಗೆ ಜೀವಮಾನದ ಕಸುಬೇ ಆಗಿದೆ. ಈ ಕಸುಬು ಬೆಳೆದು ಬಂದ ಬಗೆಯನ್ನು ರಾಯಚೂರು ಜಿಲ್ಲೆಯ ಮೂರು ಊರುಗಳಲ್ಲಿ ನೋಡೋಣ. ಲಿಂಗಸುಗೂರು, ಮಸ್ಕಿ, ಸಿಂಧನೂರು ಒಂದೇ ಹೆದ್ದಾರಿಯ ಮೇಲೆ ಒಂದಾದ ಮೇಲೊಂದರಂತೆ ಕುಳಿತಿವೆ. ರಸ್ತೆ ಒಂದೇ ಆದರೂ ಮೂರೂ ಊರಿನ ಬಜಾರು ಹುಟ್ಟಿದ ಕಾರಣ ಬೇರೆ ಬೇರೆ.

ಮೊದಲು ಮಸ್ಕಿಯ ಮಾತು. ಅಲ್ಲಿನ ಬಂಡೆಯ ಮೇಲಿದ್ದ ಅಶೋಕನ ಶಾಸನವನ್ನು ೧೯೧೫ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು ಕಂಡುಹಿಡಿದರು. ಅದುವರೆಗೆ ಬರಿಯ ಬಿರುದಿನಿಂದ ಗೊತ್ತಿದ್ದ ಆ ಶಾಸನಗಳ ಅರಸನ ಹೆಸರು ಅಶೋಕ ಎಂಬುದು ಇಲ್ಲಿ ಅಕ್ಷರದಲ್ಲಿ ಸಿಕ್ಕಿತು. ೧೯೫೪ರಲ್ಲಿ ಬಿ. ಕೆ. ಥಾಪರ್ ಅವರು ನಡೆಸಿದ ಉತ್ಖನನದಲ್ಲಿ ಇನ್ನೂ ಹಳೆಯ ಜನವಸತಿಯ ಕುರುಹುಗಳೂ ಅರೆಬೆಲೆಯ ಕಲ್ಲಿನ ಮಣಿಗಳೂ ದೊರೆತವು. ಜನ ಬಂದು ಹೋಗುವ ಎಡೆಯಲ್ಲವಾದರೆ ಅರಸನು ತನ್ನ ಮಾತನ್ನು ಅಲ್ಲಿ ಏಕೆ ಕೆತ್ತಿಸುತ್ತಿದ್ದನು? ಹತ್ತು ಕಡೆಯ ಜನರ ಕಾಲು ಬೀಳುವ ಜಾಗವೇ ಸಂತೆಯ ಬೀಜ. ಸಂತೆಗೆ ಗೋಡೆ ಬೇಡ, ಬಾಗಿಲು ಬೇಡ. ವಾರಕ್ಕೊಂದು ದಿನ ಗೋಣಿ ಹಾಸುವಷ್ಟು ನೆಲ ಸಾಕು. ಆ ನೆಲಕ್ಕೆ ಕೊಡುವ ಕಾಸೇ ಕಿರಾಯಿಯ ಮೊದಲ ರೂಪ. ನಿಜಾಮರ ಕಾಲದಿಂದ ಈ ಸೀಮೆಯ ಜನ ಅದನ್ನು ತಹಬಜಾರಿ ಎಂದು ಕರೆಯುತ್ತ ಬಂದರು.

ಕೃಷ್ಣೆ ತುಂಗಭದ್ರೆಗಳ ನಡುವಣ ಈ ನಾಡಿಗೆ ಹಿಂದೆ ಎಡೆದೊರೆ ಎಂಬ ಹೆಸರಿತ್ತು. ಚಾಲುಕ್ಯರ ಕಾಲದ ಕನ್ನಡ ಶಾಸನಗಳನ್ನು ಓದಿದವರಿಗೆ ಅಂಗಡಿಯೆಂಬ ಮಾತು ಹೊಸದಲ್ಲ. ದೇವಾಲಯಕ್ಕೆ ಹೊಲ, ತೋಟ, ಗಾಣಗಳನ್ನು ಬಿಟ್ಟಂತೆಯೇ ಅಂಗಡಿಗಳನ್ನೂ ಬಿಡುತ್ತಿದ್ದರು. ಅವುಗಳ ಹುಟ್ಟುವಳಿಯಿಂದ ನಂದಾದೀಪ ಉರಿಯುತ್ತಿತ್ತು. ಊರಿನ ವರ್ತಕರ ಹಿರಿಯನಿಗೆ ಪಟ್ಟಣಸ್ವಾಮಿ ಎಂಬ ಪದವಿ. ಹೊಂಬುಜದಲ್ಲಿ ಹನ್ನೊಂದನೆಯ ಶತಮಾನದಲ್ಲಿದ್ದ ಪಟ್ಟಣಸ್ವಾಮಿ ನೊಕ್ಕಯ್ಯಸೆಟ್ಟಿಯ ಹೆಸರನ್ನು ನೀವು ಕೇಳಿರಬಹುದು. ಮುಂದಿನ ಕಾಲದಲ್ಲಿ ಹೊಸ ಪೇಟೆ ಕಟ್ಟಿಸಿ, ಸಂತೆ ಕೂಡಿಸಿ, ಹೊರಗಿನ ವ್ಯಾಪಾರಿಗಳನ್ನು ಕರೆತಂದು ನೆಲೆಗೊಳಿಸಿದವರಿಗೂ ಈ ಗೌರವ ಸಲ್ಲುತ್ತಿತ್ತು. ಮಾನ್ಯದ ಭೂಮಿ ದೊರೆಯುತ್ತಿತ್ತು. ಮಳಿಗೆ ಕಟ್ಟಿಸಿ ವ್ಯಾಪಾರಿಯನ್ನು ಹುಡುಕುವ ಇಂದಿನ ಕಸುಬುದಾರನಿಗೆ ಈತನೇ ಪೂರ್ವಜನೆನ್ನಬಹುದು. ಒಂದು ಭೇದವನ್ನು ಮಾತ್ರ ಮರೆಯಬಾರದು. ಪಟ್ಟಣಸ್ವಾಮಿಗೆ ಮರ್ಯಾದೆ ಬಂದದ್ದು ಕಟ್ಟಡದಿಂದಲ್ಲ. ಜನರನ್ನು ತಂದು ನಿಲ್ಲಿಸಿದ್ದರಿಂದ.

ಲಿಂಗಸುಗೂರಿನ ಕಥೆ ಬೇರೆ. ಅಲ್ಲಿಗೆ ಜನರನ್ನು ತಂದದ್ದು ಸರಕಾರ. ನಿಜಾಮರ ಸಂಸ್ಥಾನದಲ್ಲಿ ಹೈದರಾಬಾದ್ ಕಂಟಿಂಜೆಂಟ್ ಎಂಬ ಸೇನೆ ಬೀಡುಬಿಟ್ಟಿದ್ದ ಠಾಣ್ಯಗಳಲ್ಲಿ ಲಿಂಗಸುಗೂರೂ ಒಂದು. ಹಳೆಯ ಊರಾದ ಕಸಬಾ ಲಿಂಗಸುಗೂರು ಒಂದು ಕಡೆ, ದಂಡಿನ ಛಾವಣಿ ಇನ್ನೊಂದು ಕಡೆ. ತಿಂಗಳಿಗೊಮ್ಮೆ ಸಂಬಳ ಎಣಿಸಿಕೊಳ್ಳುವ ಸಿಪಾಯಿ ಇದ್ದಲ್ಲಿ ದರ್ಜಿ, ಬಟ್ಟೆಯವ, ಕಿರಾಣಿಯವ ತಾವಾಗಿಯೇ ಬಂದು ಸೇರುತ್ತಾರೆ. ಲಿಂಗಸುಗೂರು ಆಗ ಜಿಲ್ಲೆಯ ಮುಖ್ಯಸ್ಥಳವೂ ಆಗಿದ್ದಿತು. ಕಚೇರಿಗೆ ಬಂದ ರೈತನೂ ಗಿರಾಕಿಯೇ. ಆದರೆ ೧೯೦೩ರಲ್ಲಿ ಕಂಟಿಂಜೆಂಟ್ ಸೇನೆ ಭಾರತದ ಸೈನ್ಯದಲ್ಲಿ ಲೀನವಾಯಿತು. ೧೯೦೫ರಲ್ಲಿ ಲಿಂಗಸುಗೂರು ಜಿಲ್ಲೆಯನ್ನೇ ರದ್ದುಮಾಡಿ ನೆರೆಯ ಜಿಲ್ಲೆಗಳಿಗೆ ಹಂಚಿದರು. ಆ ಹೊತ್ತಿಗೆ ರಾಯಚೂರಿನಲ್ಲಿ ರೈಲು ಇತ್ತು. ೧೮೭೧ರಲ್ಲಿಯೇ ಮುಂಬಯಿ ಮತ್ತು ಮದರಾಸು ಕಡೆಯ ದಾರಿಗಳು ಅಲ್ಲಿ ಕೂಡಿದ್ದವು. ಲಿಂಗಸುಗೂರಿಗೆ ಉಳಿದದ್ದು ಬಂಡಿಯ ದಾರಿ. ಅಂಗಡಿಯ ಗೋಡೆ ಅದೇ, ಜಾಗ ಅದೇ. ಆದರೂ ಒಂದು ಹುಕುಮಿನಿಂದ ಅದರ ಬೆಲೆ ಬೇರೆಯಾಗಬಲ್ಲದು. ಮಳಿಗೆಯ ಬೆಲೆ ಗೋಡೆಯಲ್ಲಿಲ್ಲ, ಅದರ ಮುಂದೆ ನಡೆಯುವ ಕಾಲುಗಳಲ್ಲಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ನಿಜಾಮರ ಆಡಳಿತ ಬಜಾರಿಗೆ ತನ್ನ ಮಾತುಗಳನ್ನೂ ಬಿಟ್ಟುಹೋಯಿತು. ಕಿರಾಯಿ, ಕಿರಾಯಿದಾರ, ಗಂಜ್, ದಲ್ಲಾಳಿ ಎಂದು ಇಂದಿಗೂ ಹೇಳುತ್ತೇವೆ. ೧೯೩೦ರಲ್ಲಿ ಹೈದರಾಬಾದ್ ಸಂಸ್ಥಾನ ಕೃಷಿ ಮಾರುಕಟ್ಟೆಗಳಿಗಾಗಿ ಒಂದು ಕಾಯಿದೆ ಮಾಡಿತು. ತೂಕ, ದಲ್ಲಾಳಿ, ಹರಾಜುಗಳು ಕಟ್ಟುಪಾಡಿಗೆ ಒಳಪಡಬೇಕೆಂಬುದು ಅದರ ಉದ್ದೇಶ. ಸಂಸ್ಥಾನವು ೧೯೪೮ರಲ್ಲಿ ಭಾರತದೊಡನೆ ಸೇರಿತು. ರಾಯಚೂರು ಜಿಲ್ಲೆ ೧೯೫೬ರ ನವೆಂಬರ್ ೧ರಂದು ಮೈಸೂರು ರಾಜ್ಯಕ್ಕೆ ಬಂದಿತು. ರಾಜ್ಯ ಬದಲಾದರೂ ಅಡತಿ ಅಂಗಡಿಯ ಗಾದಿ ಬದಲಾಗಲಿಲ್ಲ.

ಇನ್ನು ಸಿಂಧನೂರು. ಅಲ್ಲಿ ಜನರನ್ನು ತಂದದ್ದು ನೀರು. ತುಂಗಭದ್ರಾ ಅಣೆಕಟ್ಟಿನಲ್ಲಿ ೧೯೫೩ರಲ್ಲಿ ನೀರು ನಿಂತಿತು. ಎಡದಂಡೆ ಕಾಲುವೆ ಗಂಗಾವತಿಯನ್ನು ದಾಟಿ ಸಿಂಧನೂರಿನ ಎರೆಹೊಲಗಳಿಗೆ ಬಂದಿತು. ಜೋಳ, ಹತ್ತಿ ಬೆಳೆಯುತ್ತಿದ್ದಲ್ಲಿ ಬತ್ತದ ಗದ್ದೆ ಹಬ್ಬಿತು. ಕರಾವಳಿ ಆಂಧ್ರದಿಂದ ರೈತರು ಬಂದು ಭೂಮಿ ಕೊಂಡು, ಕ್ಯಾಂಪುಗಳನ್ನು ಮಾಡಿಕೊಂಡರು. ೧೯೭೦ರ ಸುಮಾರಿಗೆ ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದಿದ್ದ ಬಂಗಾಲಿ ಕುಟುಂಬಗಳಿಗೂ ಈ ತಾಲ್ಲೂಕಿನಲ್ಲಿ ಪುನರ್ವಸತಿ ಆಯಿತು. ಕನ್ನಡ, ಉರ್ದು, ತೆಲುಗು, ಬಂಗಾಲಿ ಮಾತನಾಡುವ ಗಿರಾಕಿಗಳು ಒಂದೇ ಬೀದಿಗೆ ಇಳಿದರು. ಅಕ್ಕಿ ಗಿರಣಿ, ಗೊಬ್ಬರದ ಅಂಗಡಿ, ಟ್ರ್ಯಾಕ್ಟರಿನ ಬಿಡಿಭಾಗದ ಅಂಗಡಿ ಸಾಲುಗಟ್ಟಿದವು. ರಸ್ತೆ ಬದಿಯ ಹೊಲವನ್ನು ಕೃಷಿಯೇತರ ಮಾಡಿಸಿ, ಹತ್ತಡಿ ಅಗಲದ ಮಳಿಗೆಗಳನ್ನು ಸಾಲಾಗಿ ಕಟ್ಟಿಸುವುದು ರೈತನಿಗೂ ಒಂದು ಬೆಳೆಯಂತೆ ಕಂಡಿತು. ಕಾಲುವೆಗೆ ನೀರು ಬಿಟ್ಟ ವರ್ಷ ಬಜಾರು ತುಂಬುತ್ತದೆ. ನೀರು ಬಾರದ ವರ್ಷ ಕಿರಾಯಿ ಬಾಕಿ ಬೀಳುತ್ತದೆ.

ಈ ಕಸುಬಿನ ಒಳಗನ್ನು ಸ್ವಲ್ಪ ನೋಡೋಣ. ಮೂಲೆಯ ಮಳಿಗೆಗೆ ಹೆಚ್ಚು ಕಿರಾಯಿ, ಒಳಗಿನದಕ್ಕೆ ಕಡಿಮೆ. ನೆಲದ ಮಳಿಗೆಗೆ ಹೆಚ್ಚು, ಮಹಡಿಯದಕ್ಕೆ ಕಡಿಮೆ. ಬಸ್ಸು ನಿಲ್ಲುವ ಕಡೆ ಒಂದು ದರ, ದಾಟಿ ಹೋಗುವ ಕಡೆ ಇನ್ನೊಂದು. ಮಾಸಿಕ ಕಿರಾಯಿಯಲ್ಲದೆ ಮುಂಗಡ ಉಂಟು. ಕೆಲವು ಕಡೆ ಪಗಡಿಯೂ ಉಂಟು. ಹೊಸಬನು ಅಂಗಡಿಯೊಳಗೆ ಕಾಲಿಡಲು ಒಂದೇ ಗಂಟಿನಲ್ಲಿ ಕೊಡುವ ಹಣ ಅದು. ಮಹಾರಾಷ್ಟ್ರದ ೧೯೯೯ರ ಬಾಡಿಗೆ ಕಾಯಿದೆ ಪಗಡಿಯನ್ನು ಬಹಿರಂಗವಾಗಿಯೇ ಒಪ್ಪಿತು. ನಮ್ಮಲ್ಲಿ ಅದು ಹೆಚ್ಚಾಗಿ ಬಾಯಿಮಾತಿನ ವ್ಯವಹಾರ. ಕರಾರು ಹನ್ನೊಂದು ತಿಂಗಳಿಗೆ ಏಕೆ ಎಂದು ನೀವು ಕೇಳಬಹುದು. ೧೮೮೨ರ ಆಸ್ತಿ ವರ್ಗಾವಣೆ ಕಾಯಿದೆಯ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆ ನೋಂದಣಿಯಾಗಲೇ ಬೇಕು. ಆ ಖರ್ಚು ತಪ್ಪಿಸಲು ಒಂದು ತಿಂಗಳು ಕಳೆದು ಬರೆಯುವ ರೂಢಿ ಬಿದ್ದಿದೆ. ಊರಿನ ಸಂಸ್ಥೆಗಳೂ ಒಡೆಯರಾದದ್ದುಂಟು. ಸಣ್ಣ ಮತ್ತು ಮಧ್ಯಮ ಪಟ್ಟಣಗಳ ಅಭಿವೃದ್ಧಿಗೆಂದು ೧೯೭೯ರಲ್ಲಿ ಆರಂಭವಾದ ಕೇಂದ್ರದ ಯೋಜನೆಯ ಹಣದಿಂದ ರಾಜ್ಯದ ಎಷ್ಟೋ ಪುರಸಭೆಗಳು ಮಳಿಗೆ ಕಟ್ಟಿಸಿ ಹರಾಜಿನಲ್ಲಿ ಕೊಟ್ಟವು. ಆ ಕಿರಾಯಿಯಿಂದ ಬೀದಿ ದೀಪ ಉರಿಯಬೇಕು, ಚರಂಡಿ ಸ್ವಚ್ಛವಾಗಬೇಕು. ಹಳೆಯ ನಂದಾದೀಪದ ಲೆಕ್ಕವೇ ಇದು.

ಈಗ ಕಷ್ಟದ ಮಾತು. ಮಳಿಗೆ ಹಳತಾಗುತ್ತದೆ, ಹೆದ್ದಾರಿ ಅಗಲವಾಗುತ್ತದೆ, ಕೆಡವಿ ಕಟ್ಟಲೇಬೇಕಾಗುತ್ತದೆ. ಆಗ ಇಪ್ಪತ್ತು ವರ್ಷ ಅಲ್ಲಿ ಕುಳಿತು ಗಿರಾಕಿಗಳನ್ನು ಕೂಡಿಸಿದ ಕಿರಾಯಿದಾರನು ಎಲ್ಲಿಗೆ ಹೋಗಬೇಕು? ರಾಜ್ಯದ ೧೯೬೧ರ ಬಾಡಿಗೆ ನಿಯಂತ್ರಣ ಕಾಯಿದೆ ಜಾರಿಯಲ್ಲಿದ್ದ ಪಟ್ಟಣಗಳಲ್ಲಿ ಇದಕ್ಕೊಂದು ಉತ್ತರವಿತ್ತು: ಕೆಡವಿ ಕಟ್ಟಲು ಬಿಟ್ಟುಕೊಟ್ಟವನು ಹೊಸ ಕಟ್ಟಡಕ್ಕೆ ಮರಳಿ ಬರುವ ದಾರಿಯನ್ನು ಅದು ತೆರೆದಿಟ್ಟಿತ್ತು. ಅದರ ಬದಲು ಬಂದ ೧೯೯೯ರ ಕಾಯಿದೆ ೨೦೦೧ರ ಡಿಸೆಂಬರ್ ೩೧ರಿಂದ ಜಾರಿಗೆ ಬಂದಿತು. ೧೪ ಚದರ ಮೀಟರಿಗಿಂತ ದೊಡ್ಡದಾದ ವ್ಯಾಪಾರ ಮಳಿಗೆಗಳನ್ನು ಅದು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಹತ್ತಡಿ ಅಗಲ, ಹದಿನೈದಡಿ ಉದ್ದದ ಮಳಿಗೆಯೆಂದರೆ ಸುಮಾರು ಅಷ್ಟೇ. ಬಾಡಿಗೆ ಕಾಯಿದೆಯ ರಕ್ಷಣೆ ಇಲ್ಲದ ಕಡೆ, ಬರೆದ ಕರಾರೂ ಇಲ್ಲದಿದ್ದರೆ, ಅಂಗಡಿಯ ಕಿರಾಯಿಯನ್ನು ತಿಂಗಳ ಲೆಕ್ಕದ್ದೆಂದೇ ಎಣಿಸುತ್ತಾರೆ. ಅದನ್ನು ಮುಗಿಸಲು ಹದಿನೈದು ದಿನದ ನೋಟೀಸು ಸಾಕು. ನೋಟೀಸಿನ ಬಳಿಕವೂ ಬಲಾತ್ಕಾರದಿಂದ ಹೊರಹಾಕುವಂತಿಲ್ಲ, ನ್ಯಾಯಾಲಯಕ್ಕೆ ಹೋಗಬೇಕು ಎಂಬುದೊಂದೇ ಸಮಾಧಾನ.

ಚೀಟಿ ಇಲ್ಲದವನ ಪಾಡು ಏನಾಗುತ್ತದೆಂಬುದನ್ನು ನೆರೆಯ ಹಂಪಿಯಲ್ಲಿ ಕಂಡಿದ್ದೇವೆ. ವಿಜಯನಗರದ ಕಾಲದ ಕಲ್ಲಿನ ಸಾಲುಮಂಟಪಗಳಲ್ಲಿ ಜನ ಮನೆ ಮಾಡಿಕೊಂಡು, ಅಂಗಡಿ ಇಟ್ಟುಕೊಂಡಿದ್ದರು. ೨೦೧೧ರ ಜುಲೈಯಲ್ಲಿ ಸ್ಮಾರಕಗಳ ರಕ್ಷಣೆಗೆಂದು ಅವರನ್ನು ತೆರವುಗೊಳಿಸಲಾಯಿತು. ಸ್ಮಾರಕ ಉಳಿಯಬೇಕಾದದ್ದು ನಿಜ. ಬಜಾರಿಗೆ ಜೀವ ಕೊಟ್ಟವರು ಬದುಕಬೇಕಾದದ್ದೂ ಅಷ್ಟೇ ನಿಜ. ಗೋಡೆಯೇ ಇಲ್ಲದ ಬೀದಿ ವ್ಯಾಪಾರಿಗೆ ೨೦೧೪ರ ಕೇಂದ್ರ ಕಾಯಿದೆ ಒಂದು ಆಸರೆ ಕೊಟ್ಟಿದೆ: ಸಮೀಕ್ಷೆ ಮುಗಿದು ಪ್ರಮಾಣಪತ್ರ ಸಿಗುವವರೆಗೆ ಅವನನ್ನು ಎಬ್ಬಿಸುವಂತಿಲ್ಲ. ಮಳಿಗೆಯ ಕಿರಾಯಿದಾರನಾದರೋ ತನ್ನ ಆಸರೆಯನ್ನು ಹೆಚ್ಚಾಗಿ ತಾನೇ ಬರೆಸಿಕೊಳ್ಳಬೇಕು.

ಮೂರು ಊರುಗಳೂ ಮತ್ತೆ ಬದಲಾಗುತ್ತಿವೆ. ಲಿಂಗಸುಗೂರು ಉಪವಿಭಾಗದ ಕೇಂದ್ರವಾಗಿ ನಿಂತಿದೆ. ಹಿಂದೆ ಅದರ ತಾಲ್ಲೂಕಿಗೆ ಸೇರಿದ್ದ ಮಸ್ಕಿ ಈಗ ತಾನೇ ತಾಲ್ಲೂಕು ಕೇಂದ್ರ. ಸಿಂಧನೂರಿಗೆ ೨೦೨೪ರಲ್ಲಿ ರೈಲು ಬಂದಿತು. ಎಲ್ಲಿ ಕಚೇರಿ, ಎಲ್ಲಿ ನಿಲ್ದಾಣ, ಅಲ್ಲಿ ಕಿರಾಯಿ ಏರುತ್ತದೆ. ಹಳೆಯ ಸಾಲು ಬೀಳುತ್ತದೆ. ಆ ಏರಿಕೆಯನ್ನು ಗೋಡೆಯ ಒಡೆಯನೊಬ್ಬನೇ ಸಂಪಾದಿಸಿದ್ದಲ್ಲ. ಸರಕಾರದ ಕಚೇರಿ, ಕಾಲುವೆಯ ನೀರು, ಅಂಗಡಿಯವನ ನಂಬಿಕೆಯ ತಕ್ಕಡಿ, ನಿಮ್ಮಂಥ ಗಿರಾಕಿಗಳ ಕಾಲು — ಎಲ್ಲವೂ ಸೇರಿ ಅದನ್ನು ಬೆಳೆಸಿದವು.

ಆದುದರಿಂದ ನಿಮ್ಮಲ್ಲಿ ಮಳಿಗೆ ಇದ್ದವರು, ಮಳಿಗೆ ಹಿಡಿದವರು ಇಬ್ಬರೂ ಚೀಟಿಯಲ್ಲಿ ನಾಲ್ಕು ಮಾತು ಸ್ಪಷ್ಟವಾಗಿ ಬರೆಯಿರಿ: ಕಿರಾಯಿ ಎಷ್ಟು, ಎಷ್ಟು ವರ್ಷಕ್ಕೆ ಎಷ್ಟು ಏರಬೇಕು, ಮುಂಗಡ ಯಾವಾಗ ಮರಳಬೇಕು, ಕೆಡವಿ ಕಟ್ಟಿದರೆ ಹಳಬನಿಗೆ ಯಾವ ಜಾಗ. ಅವಧಿ ವರ್ಷ ಮೀರಿದ್ದರೆ ನೋಂದಣಿ ಮಾಡಿಸಿ; ಆ ಖರ್ಚು ಮುಂದಿನ ವ್ಯಾಜ್ಯದ ಖರ್ಚಿಗಿಂತ ಕಡಿಮೆ. ಮಸ್ಕಿಯ ಬಂಡೆಯ ಮೇಲಿನ ಮಾತು ದೊಡ್ಡವರಿಗೆಂದು ಮಾತ್ರ ಬರೆದದ್ದಲ್ಲ. ಸಣ್ಣವರಿಗೂ ಅದನ್ನು ತಿಳಿಸಬೇಕೆಂಬುದು ಅರಸನ ಇಚ್ಛೆಯಾಗಿತ್ತು. ಎರಡು ಸಾವಿರ ವರ್ಷ ದಾಟಿಯೂ ಅದನ್ನು ನಾವು ಓದಬಲ್ಲೆವು. ಬಾಯಿಮಾತಾಗಿದ್ದರೆ ಅದೇ ದಿನ ಗಾಳಿಗೆ ಹೋಗುತ್ತಿತ್ತು.